ನ್ಯೂಟನ್ನನಿಗೆ ಇಂಟರ್‌ವಲ್

ಸಿನಿಮಾ ತೋರಿಸಿ ವಿಜ್ಞಾನ ಕಲಿಸಬೇಕಂತೆ. ಇದು ಈಗಿನ ಹುರುಪು. ಮಕ್ಕಳಿಗೆ ವಿಜ್ಞಾನ ಅಂದರೆ ಆಕಳಿಕೆ, ಸಿನಿಮಾ ಅಂದರೆ ಪ್ರಾಣ. ಎರಡನ್ನೂ ಸೇರಿಸಿಬಿಟ್ಟರೆ ಕೆಲಸ ಆಯಿತು. ತರಬೇತಿ ಶಿಬಿರಗಳಲ್ಲಿ ಸಂಪನ್ಮೂಲ ವ್ಯಕ್ತಿಗಳು ಹೀಗಂತ ಸ್ಲೈಡು ತೋರಿಸುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ, ಟಿಎ-ಡಿಎ ಹಾಳೆಗೆ ಸಹಿ ಹಾಕಿ, ಮುಂದಿನ ತಾಲ್ಲೂಕಿಗೆ ಹೊರಡುತ್ತಾರೆ.

ಇದೇ ಶಾಲೆಗಳು ನಿನ್ನೆ ಮೊನ್ನೆಯವರೆಗೆ ಏನು ಹೇಳುತ್ತಿದ್ದವು? ಸಿನಿಮಾ ನೋಡಿ ಮಕ್ಕಳು ಕೆಟ್ಟು ಕೆರ ಹಿಡಿದವು. ಹೀರೋ ಥರ ಕೂದಲು ಬಿಟ್ಟ ಹುಡುಗನನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆಳೆದು ನಿಲ್ಲಿಸುತ್ತಿದ್ದರು. ಈಗಲೂ ನಿಲ್ಲಿಸುತ್ತಾರೆ. ಒಂಬತ್ತೂವರೆಗೆ ಹೀರೋನ ಕೂದಲಿಗೆ ಬೈಗುಳ. ಹನ್ನೊಂದೂವರೆಗೆ ಅದೇ ಹೀರೋನ ಗನ್ನಿನಿಂದ ನ್ಯೂಟನ್ನನ ಮೂರನೆಯ ನಿಯಮ.

ಖಾಸಗಿ ಶಾಲೆಗಳ ಕಥೆ ಇನ್ನೂ ಚೆಂದ. ಅಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಮಲ್ಟಿಪ್ಲೆಕ್ಸಿಗೇ ಹೋಗುತ್ತಾರೆ. ಹೆಸರು ಶೈಕ್ಷಣಿಕ ಪ್ರವಾಸ. ಟಿಕೆಟ್ಟಿಗೆ ಬೇರೆ ದುಡ್ಡು, ಬಸ್ಸಿಗೆ ಬೇರೆ. ಮನೆಗೆ ಬಂದ ಮಗುವನ್ನು ಏನು ಕಲಿತೆ ಅಂತ ಕೇಳಿ. ಪಾಪ್‌ಕಾರ್ನ್ ರೇಟು ಹೇಳುತ್ತದೆ. ಲೆಕ್ಕದ ಪಾಠವಾದರೂ ಆಯಿತಲ್ಲ ಅಂತ ಸಮಾಧಾನ ಪಟ್ಟುಕೊಳ್ಳಿ.

ಸಿನಿಮಾ ಬೇಡವೇ ಬೇಡ ಅಂತಲ್ಲ. ಈ ವಿದ್ಯೆಯನ್ನು ನೆಟ್ಟಗೆ ಮಾಡಿದವರಿದ್ದಾರೆ. ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಕೋಸ್ಟಾಸ್ ಎಫ್ತಿಮಿಯು, ರಾಲ್ಫ್ ಲೆವೆಲಿನ್ ಎಂಬ ಇಬ್ಬರು ಮೇಷ್ಟ್ರುಗಳು 2002ರಲ್ಲಿ ಸಿನಿಮಾ ಇಟ್ಟುಕೊಂಡು ಭೌತಶಾಸ್ತ್ರ ಕಲಿಸಲು ಶುರುಮಾಡಿದರು. ಅವರ ಪಟ್ಟಿಯಲ್ಲಿ 1994ರ ‘ಸ್ಪೀಡ್’ ಇತ್ತು. ಬಾಂಬು ಕಟ್ಟಿದ ಬಸ್ಸು. ಮುಂದೆ ಮೇಲ್ಸೇತುವೆಯಲ್ಲಿ 50 ಅಡಿ ರಸ್ತೆಯೇ ಇಲ್ಲ. ಬಸ್ಸು ಗಂಟೆಗೆ ಸುಮಾರು 70 ಮೈಲಿ ವೇಗದಲ್ಲಿ ಬಂದು, ಹಾರಿ, ಆಚೆ ಇಳಿಯುತ್ತದೆ.

ಕಾಗದ ಪೆನ್ನು ತಗೊಳ್ಳಿ. ಆ ವೇಗದಲ್ಲಿ 50 ಅಡಿ ದಾಟಲು ಬೇಕಾದ್ದು ಅರ್ಧ ಸೆಕೆಂಡು. ಅಷ್ಟರೊಳಗೆ ಗುರುತ್ವಾಕರ್ಷಣೆ ಬಸ್ಸನ್ನು ನಾಲ್ಕು ಅಡಿಯಷ್ಟು ಕೆಳಕ್ಕೆ ಎಳೆದಿರುತ್ತದೆ. ಮಟ್ಟಸವಾದ ರಸ್ತೆಯಿಂದ ಹೊರಟ ಬಸ್ಸಿನ ಮೂತಿ ಆಚೆ ಬದಿಯ ಕಾಂಕ್ರೀಟಿಗೆ ಅಪ್ಪಳಿಸಬೇಕು. ಸಿನಿಮಾ ಅಲ್ಲಿಗೇ ಮುಗಿಯಬೇಕು. ಮುಗಿಯಲಿಲ್ಲ. ಯಾಕೆ ಮುಗಿಯಲಿಲ್ಲ ಅಂತ ಕೇಳುವುದೇ ಅವರ ಪಾಠ.

ನಾವು ಅಲ್ಲಿಂದ ತಂದದ್ದು ಪ್ರೊಜೆಕ್ಟರ್. ಕಾಗದ ಪೆನ್ನು ಅಲ್ಲೇ ಬಿಟ್ಟು ಬಂದೆವು. ಅವರು ಸಿನಿಮಾವನ್ನು ಮರಣೋತ್ತರ ಪರೀಕ್ಷೆಗೆ ಬಂದ ಹೆಣದ ಹಾಗೆ ಕೊಯ್ಯುತ್ತಾರೆ. ನಾವು ಕಟೌಟಿಗೆ ಹಾಲೆರೆಯುವವರು. ಕೊಯ್ಯಲು ಕೈ ಬರುವುದಾದರೂ ಹೇಗೆ?

ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ದಿನಕ್ಕೆ ಅತಿಥಿಯಾಗಿ ಕರೆದಿದ್ದರು. ಹೆಸರು ಬೇಡ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಮೇಲೆ ‘ಮಿಷನ್ ಮಂಗಲ್’. 2019ರ ಚಿತ್ರ. ಅದರಲ್ಲಿ ಇಸ್ರೋದ ಮಹಿಳಾ ವಿಜ್ಞಾನಿಗೆ ಅಡುಗೆಮನೆಯಲ್ಲಿ ಜ್ಞಾನೋದಯವಾಗುತ್ತದೆ. ಎಣ್ಣೆ ಕಾದ ಮೇಲೆ ಗ್ಯಾಸ್ ಆರಿಸಿದರೂ ಪೂರಿ ಬೇಯುತ್ತದೆ. ಹಾಗೆಯೇ ಎಂಜಿನ್ ಆರಿಸಿ ಇಂಧನ ಉಳಿಸಿದರೆ ಮಂಗಳ ಗ್ರಹಕ್ಕೆ ಹೋಗಬಹುದು. ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರು ಅಲ್ಲಿಗೆ ನಿಲ್ಲಿಸಿ, ‘ನೋಡಿದ್ರಾ ಮಕ್ಕಳೇ, ಅಡುಗೆಮನೇಲೂ ವಿಜ್ಞಾನ ಇದೆ’ ಅಂದರು.

ಮೂರನೇ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಎದ್ದಳು. ‘ಮಿಸ್, ಗ್ಯಾಸ್ ಆಫ್ ಮಾಡಿದ್ರೆ ಎಣ್ಣೆ ತಣ್ಣಗಾಗೋಗುತ್ತಲ್ವಾ? ಹಂಗಾದ್ರೆ ರಾಕೆಟ್ಟೂ ಮಧ್ಯದಲ್ಲೇ ನಿಂತೋಗುತ್ತಾ?’

‘ಕೂತ್ಕೋ. ಸಿನಿಮಾ ಮುಗೀಲಿ.’

ಆ ದಿನ ಆ ಹಾಲ್‌ನಲ್ಲಿ ವಿಜ್ಞಾನ ಮಾತಾಡಿದ್ದು ಆ ಹುಡುಗಿ ಒಬ್ಬಳೇ. ನಾನೂ ಸೇರಿದಂತೆ ವೇದಿಕೆಯಲ್ಲಿದ್ದವರೆಲ್ಲ ಶಾಲು ಹೊದ್ದು ಕೂತಿದ್ದೆವು. ಅವಳು ಕೇಳಿದ್ದು ಏನು ಗೊತ್ತೆ? ಒಲೆ ಆರಿಸಿದ ಎಣ್ಣೆ ಕ್ಷಣಕ್ಷಣಕ್ಕೂ ಶಾಖ ಕಳೆದುಕೊಳ್ಳುತ್ತದೆ. ಎಂಜಿನ್ ಆರಿಸಿದ ನೌಕೆ ವೇಗ ಕಳೆದುಕೊಂಡು ನಿಂತುಬಿಡುವುದಿಲ್ಲ, ಉಜ್ಜಿ ತಡೆಯಲು ಅಲ್ಲಿ ಗಾಳಿಯೇ ಇಲ್ಲ. ಒಂದು ತೀರುವ ದಾಸ್ತಾನು. ಇನ್ನೊಂದು ನ್ಯೂಟನ್ನನ ಮೊದಲನೆಯ ನಿಯಮ. ಚಲಿಸುತ್ತಿರಲು ಒಳಗೆ ಏನೋ ಉಳಿದಿರಬೇಕು ಅನ್ನುವುದು ಗೆಲಿಲಿಯೋಗಿಂತ ಹಿಂದಿನ ನಂಬಿಕೆ. ಅದನ್ನು ಮಕ್ಕಳ ತಲೆಯಿಂದ ತೆಗೆಯಲು ಒಂಬತ್ತನೇ ತರಗತಿಯ ಮೇಷ್ಟ್ರು ವರ್ಷವಿಡೀ ಗಂಟಲು ಹರಿದುಕೊಳ್ಳುತ್ತಾರೆ. ಪೂರಿ ಎರಡು ನಿಮಿಷದಲ್ಲಿ ವಾಪಸ್ ತಂದು ಕೂರಿಸಿತು.

ನಿಜವಾಗಿ ನಡೆದದ್ದನ್ನು ಕೇಳಿ. 2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಮೇಲೆದ್ದ ಮಂಗಳಯಾನ ನೇರ ಮಂಗಳಕ್ಕೆ ಓಡಲಿಲ್ಲ. ಅಷ್ಟು ದೊಡ್ಡ ರಾಕೆಟ್ ನಮ್ಮ ಹತ್ತಿರ ಇರಲಿಲ್ಲ. ನೌಕೆ ಸುಮಾರು ನಾಲ್ಕು ವಾರ ಭೂಮಿಯನ್ನೇ ಸುತ್ತಿತು. ಭೂಮಿಗೆ ಹತ್ತಿರ ಬಂದಾಗ ಎಂಜಿನ್ ಉರಿಸಿ ಕಕ್ಷೆಯನ್ನು ಉದ್ದ ಮಾಡುತ್ತಾ ಹೋದರು. ಡಿಸೆಂಬರ್ 1ರಂದು ಭೂಮಿಯ ಕೈಬಿಡಿಸಿಕೊಂಡಿತು. ಆಮೇಲೆ ಮುಖ್ಯ ಎಂಜಿನ್ ಸುಮಾರು 300 ದಿನ ನಿದ್ದೆ. ಅದು ಮತ್ತೆ ಏಳುತ್ತದೋ ಇಲ್ಲವೋ ಯಾರಿಗೂ ಗ್ಯಾರಂಟಿ ಇಲ್ಲ. 2014ರ ಸೆಪ್ಟೆಂಬರ್ 22ರಂದು ನಾಲ್ಕೇ ನಾಲ್ಕು ಸೆಕೆಂಡು ಉರಿಸಿ ನೋಡಿದರು. ಎದ್ದಿತು. 24ರ ಬೆಳಗ್ಗೆ ಇಪ್ಪತ್ನಾಲ್ಕು ನಿಮಿಷ ಉರಿಯಬೇಕಿತ್ತು. ಅದರ ನಡುವೆ ನೌಕೆ ಮಂಗಳದ ಹಿಂಬದಿಗೆ ಸರಿದು ಸಂಪರ್ಕ ಕಡಿಯಿತು. ಈಚೆಗೆ ಬಂದ ಮೇಲೂ ಸಿಗ್ನಲ್ ಭೂಮಿ ಮುಟ್ಟಲು ಹನ್ನೆರಡು ನಿಮಿಷ. ಬೆಂಗಳೂರಿನ ಪೀಣ್ಯದಲ್ಲಿ ಕೂತವರು ಉಸಿರು ಬಿಗಿಹಿಡಿದು ಕಾದರು.

ಇದಕ್ಕಿಂತ ದೊಡ್ಡ ಕ್ಲೈಮ್ಯಾಕ್ಸ್ ಯಾವ ಕಥೆಗಾರ ಬರೆದಾನು? ಆದರೂ ಪೂರಿ ಬೇಕಾಯಿತು.

ಮಂಗಳಯಾನಕ್ಕೆ ಆದ ಖರ್ಚು 450 ಕೋಟಿ. ಹಾಲಿವುಡ್ಡಿನ ‘ಗ್ರಾವಿಟಿ’ ಚಿತ್ರಕ್ಕಿಂತ ಅಗ್ಗ ಅಂತ ಪ್ರಧಾನಿಯವರು ಹೆಮ್ಮೆಪಟ್ಟರು. ಹೆಮ್ಮೆ ಪಡಬೇಕಾದ್ದೇ. ಅಗ್ಗವಾಗಿ ವಿಜ್ಞಾನ ಮಾಡಿದ್ದು ನಮ್ಮ ಜಾಣತನ. ಅಗ್ಗವಾಗಿ ವಿಜ್ಞಾನ ಕಲಿಸುವುದೂ ಅದೇ ಲೆಕ್ಕದಲ್ಲಿ ಜಾಣತನ ಅಂದುಕೊಂಡೆವಲ್ಲ, ಎಡವಟ್ಟು ಅಲ್ಲಾಯಿತು. 2022ರಲ್ಲಿ ‘ರಾಕೆಟ್ರಿ’ ಚಿತ್ರದ ನಟ-ನಿರ್ದೇಶಕ ಮಾಧವನ್ ಅವರು ಮಂಗಳಯಾನಕ್ಕೆ ಪಂಚಾಂಗ ನೆರವಾಯಿತು ಅಂದರು. ಜನ ನಕ್ಕರು. ತಮ್ಮ ಅಜ್ಞಾನ ಅಂತ ಅವರೇ ಒಪ್ಪಿಕೊಂಡರು, ದೊಡ್ಡತನ. ಆದರೆ ಒಪ್ಪಿಕೊಂಡ ಸುದ್ದಿ ಎಷ್ಟು ಜನರ ವಾಟ್ಸಾಪಿಗೆ ಬಂತು? ಪಂಚಾಂಗದ ವಿಡಿಯೋ ನನಗೆ ಈಗಲೂ ಬರುತ್ತದೆ. ಕಳಿಸುವವರಲ್ಲಿ ವಿಜ್ಞಾನ ಶಿಕ್ಷಕರೂ ಇದ್ದಾರೆ.

ನಮ್ಮ ಹುಡುಗರಿಗೆ ಇದಕ್ಕಿಂತ ಹತ್ತಿರದ್ದು ಕೆಜಿಎಫ್. ಎರಡನೇ ಭಾಗ, 2022. ಪೊಲೀಸ್ ಠಾಣೆಯ ಮುಂದೆ ಹೀರೋ ಮಷೀನ್ ಗನ್ ಹಿಡಿದು ಜೀಪುಗಳನ್ನು ಚಿಂದಿ ಮಾಡುತ್ತಾನೆ. ನಳಿಗೆ ಕಾದು ಕೆಂಪಾಗುತ್ತದೆ. ಅದಕ್ಕೆ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾನೆ. ಥಿಯೇಟರಿನಲ್ಲಿ ಶಿಳ್ಳೆ. ತರಗತಿಯಲ್ಲಿ ಉಷ್ಣದ ಪಾಠ.

ಆ ಕೆಂಪು ಪೂರ್ತಿ ಸುಳ್ಳಲ್ಲ ಬಿಡಿ. ಕಬ್ಬಿಣ ಸುಮಾರು 525 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಂಕಾಗಿ ಕೆಂಪಗೆ ಹೊಳೆಯತೊಡಗುತ್ತದೆ. ಇದು ಊರಿನ ಕಮ್ಮಾರನಿಗೆ ಗೊತ್ತು. ಬಣ್ಣ ನೋಡಿಯೇ ಯಾವಾಗ ಬಡಿಯಬೇಕು ಅಂತ ಹೇಳುತ್ತಾನೆ. ಅವನನ್ನು ಯಾವ ಶಾಲೆಯೂ ಪಾಠಕ್ಕೆ ಕರೆಯುವುದಿಲ್ಲ. ಅವನಿಗೆ ಅಭಿಮಾನಿಗಳ ಸಂಘ ಇಲ್ಲ.

ಆ ದೃಶ್ಯದಲ್ಲಿ ವೈಜ್ಞಾನಿಕವಾಗಿ ಪಕ್ಕಾ ಸಾಬೀತಾದ ವಾಕ್ಯ ಒಂದೇ ಒಂದು. ಅದು ಪರದೆಯ ಕೆಳಗೆ ಚಿಕ್ಕದಾಗಿ ಬರುತ್ತದೆ. ಧೂಮಪಾನ ಆರೋಗ್ಯಕ್ಕೆ ಹಾನಿಕರ. ಅದನ್ನು ಯಾರೂ ಓದುವುದಿಲ್ಲ.

ಈಗ ನಿಜವಾದ ಕೆಜಿಎಫ್‌ಗೆ, ಕೋಲಾರದ ಚಿನ್ನದ ಗಣಿಗೆ ಬನ್ನಿ. ಟಿಕೆಟ್ ಬೇಡ. ಬೆಂಗಳೂರಿನಿಂದ ರೈಲಿದೆ.

1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಆ ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಅಷ್ಟು ದೂರ ಕರೆಂಟು ಹೋಗಬೇಕಾದರೆ ವೋಲ್ಟೇಜ್ ಯಾಕೆ ಏರಿಸಬೇಕು, ಏರಿಸದಿದ್ದರೆ ದಾರಿಯುದ್ದಕ್ಕೂ ತಂತಿ ಕಾಯಿಸಿಯೇ ಹೇಗೆ ವ್ಯರ್ಥವಾಗುತ್ತದೆ ಅನ್ನುವುದರಲ್ಲಿ ಹೈಸ್ಕೂಲಿನ ವಿದ್ಯುತ್ ಪಾಠ ಪೂರ್ತಿ ಅಡಗಿದೆ. ಕಣ್ಣಿಗೆ ಕಾಣುವ ನೀರು, ಕಣ್ಣಿಗೆ ಕಾಣುವ ಕಂಬ.

ಅಲ್ಲಿನ ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗಿಂತ ಆಳ ಇಳಿದಿತ್ತು. 1950ರ ದಶಕದ ಆರಂಭದಲ್ಲಿ ಬಿ. ವಿ. ಶ್ರೀಕಂಠನ್ ಎಂಬ ಯುವಕ ಉಪಕರಣ ಹೊತ್ತುಕೊಂಡು ಆ ಗಣಿಗೆ ಇಳಿದರು. ನಂಜನಗೂಡಿನಲ್ಲಿ ಹುಟ್ಟಿದವರು. ಕಳಿಸಿದವರು ಹೋಮಿ ಭಾಭಾ. ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣದ ಕಣಗಳು ಎಷ್ಟು ಆಳದವರೆಗೆ ತೂರಿ ಬರುತ್ತವೆ ಅಂತ ಅಳೆಯುವ ಕೆಲಸ. ಕೆಳಗೆ ಇಳಿದಷ್ಟೂ ಅವು ಕಡಿಮೆಯಾಗುತ್ತಾ ಹೋದವು. ಎಲ್ಲ ಸದ್ದಡಗಿದ ಮೇಲೆ ಉಳಿಯುವುದು ನ್ಯೂಟ್ರಿನೋ. ಬಂಡೆಯನ್ನಲ್ಲ, ಇಡೀ ಭೂಮಿಯನ್ನೇ ತೂರಿ ಹೋಗುವ ಕಣ. 1965ರಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋದ ಗುರುತು ಸಿಕ್ಕಿತು. ಮುಂಬೈನ ಟಾಟಾ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹ್ಯಾಮಿನವರು ಸೇರಿ ಮಾಡಿದ ಪ್ರಯೋಗ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು. ಅಂಥ ನ್ಯೂಟ್ರಿನೋ ಇಡೀ ಜಗತ್ತಿನಲ್ಲಿ ಮೊದಲು ಕಂಡದ್ದು ಈ ಎರಡು ಕಡೆ. ಒಂದು ನಮ್ಮ ಕೋಲಾರ.

ಶ್ರೀಕಂಠನ್ ಮುಂದೆ ಅದೇ ಟಾಟಾ ಸಂಸ್ಥೆಯ ನಿರ್ದೇಶಕರಾದರು. ಕರ್ನಾಟಕದ ಯಾವುದೇ ಹೈಸ್ಕೂಲಿಗೆ ಹೋಗಿ ಹೆಸರು ಹೇಳಿ ನೋಡಿ. ಯಾವ ಪಾರ್ಟಿ ಅಂತ ಕೇಳುತ್ತಾರೆ. ಸಿನಿಮಾದ ಹೀರೋ ರಾಕಿ ಭಾಯ್ ಹೆಸರು ಅನ್ನಿ. ಇಡೀ ತರಗತಿ ಎದ್ದು ಡೈಲಾಗ್ ಹೊಡೆಯುತ್ತದೆ.

ಮಕ್ಕಳದೇನು ತಪ್ಪು? ನ್ಯೂಟ್ರಿನೋಗೆ ಸ್ಲೋಮೋಷನ್ ಎಂಟ್ರಿ ಇಲ್ಲ.

ಗಣಿಯಿಂದ ತೆಗೆದ ಕಲ್ಲನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಅಲ್ಲಿ ಗುಡ್ಡಗುಡ್ಡವಾಗಿ ಬಿದ್ದಿದೆ. ಊರವರು ಸೈನೈಡ್ ದಿಬ್ಬ ಅನ್ನುತ್ತಾರೆ. ಸಿನಿಮಾದವರಿಗೆ ಅದು ಒಳ್ಳೆಯ ಲೊಕೇಷನ್. ಗಾಳಿಕಾಲದಲ್ಲಿ ಆ ಧೂಳು ಮನೆಮನೆಗೆ ನುಗ್ಗುತ್ತದೆ. ರಸಾಯನಶಾಸ್ತ್ರ ಅಲ್ಲಿನ ಮಕ್ಕಳ ಮೂಗಿನವರೆಗೂ ತಾನಾಗಿಯೇ ಬಂದು ನಿಂತಿದೆ. ಅದನ್ನು ಪಾಠ ಮಾಡುವುದು ಬಿಟ್ಟು, ಆ ದಿಬ್ಬದ ಮೇಲೆ ತೆಗೆದ ಫೈಟು ತೋರಿಸುತ್ತೇವೆ.

ಆ ಗಣಿಗಳು ಬಾಗಿಲು ಹಾಕಿದ್ದು 2001ರ ಫೆಬ್ರವರಿ 28ರಂದು. ಅಂದು ಏನು ದಿನ? ರಾಷ್ಟ್ರೀಯ ವಿಜ್ಞಾನ ದಿನ. ರಾಮನ್ ಪರಿಣಾಮ ಕಂಡುಹಿಡಿದ ದಿನ ಅಂತ ನಾವು ಪ್ರತಿವರ್ಷ ಹಾರ ಹಾಕಿಸಿಕೊಳ್ಳುತ್ತೇವಲ್ಲ, ಅದೇ ದಿನ. ಇಂಥ ವ್ಯಂಗ್ಯ ಬರೆಯುವ ತಾಕತ್ತು ನನಗಿಲ್ಲ. ಸರ್ಕಾರಕ್ಕಿದೆ.

ಇಷ್ಟು ಹೇಳಿದರೆ ಸಿನಿಮಾ ಪಕ್ಷದವರು ಕೇಳುತ್ತಾರೆ. ‘ಸಾರ್, ಸಿನಿಮಾದಲ್ಲಿ ತಪ್ಪಿದ್ದರೂ ಆಸಕ್ತಿ ಹುಟ್ಟುತ್ತಲ್ಲ? ತಪ್ಪನ್ನು ಆಮೇಲೆ ತಿದ್ದಿದರಾಯಿತು.’

ತಿದ್ದಿದರೆ ಆಗುವುದಿಲ್ಲ. ಪರೀಕ್ಷೆ ಮಾಡಿ ನೋಡಿದ್ದಾರೆ. ಮೈಕೆಲ್ ಬಾರ್ನೆಟ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದ ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಭೂಮಿಯ ಒಳರಚನೆ ಕಲಿಸುವಾಗ ‘ದ ಕೋರ್’ ಎಂಬ ಚಿತ್ರ ತೋರಿಸಿದರು. ಭೂಗರ್ಭ ತಿರುಗುವುದು ನಿಂತುಹೋಗಿ, ಒಂದಷ್ಟು ಜನ ಹಡಗಿನಂಥ ಯಂತ್ರದಲ್ಲಿ ನೆಲ ಕೊರೆದುಕೊಂಡು ಹೋಗಿ ಬಾಂಬು ಸಿಡಿಸಿ ಮತ್ತೆ ತಿರುಗಿಸುವ ಕಥೆ. ಮನುಷ್ಯ ಇದುವರೆಗೆ ಕೊರೆದ ಅತಿ ಆಳದ ರಂಧ್ರವೇ ರಷ್ಯದ ಕೋಲಾದಲ್ಲಿ ಹನ್ನೆರಡು ಕಿಲೋಮೀಟರ್ ಚಿಲ್ಲರೆ. ಭೂಮಿಯ ನಡುಮಧ್ಯ 6,371 ಕಿಲೋಮೀಟರ್ ಕೆಳಗೆ. ಸಿನಿಮಾ ನೋಡಿದ ಮಕ್ಕಳ ತಲೆಯಲ್ಲಿ ಸಿನಿಮಾದ ತಪ್ಪುಗಳೇ ಉಳಿದವು. ಹೀರೋ ವಿಜ್ಞಾನಿಯ ಗತ್ತಿನಲ್ಲಿ ಹೇಳಿದ್ದನ್ನು ಮೇಷ್ಟ್ರು ಸೀಮೆಸುಣ್ಣದಲ್ಲಿ ಅಳಿಸಲಾಗಲಿಲ್ಲ.

ಇನ್ನೊಂದು 2009ರದ್ದು. ಆಂಡ್ರ್ಯೂ ಬಟ್ಲರ್ ಮತ್ತು ಸಂಗಡಿಗರದು. ವಿಷಯ ಇತಿಹಾಸ, ಆದರೆ ರೋಗ ಅದೇ. ಪಠ್ಯಕ್ಕೆ ಹೊಂದುವ ಸಿನಿಮಾ ತುಣುಕು ನೋಡಿದವರಿಗೆ ಪಾಠ ಚೆನ್ನಾಗಿ ನೆನಪಿತ್ತು. ಇದು ಸಿನಿಮಾ ಪಕ್ಷದವರಿಗೆ ಸಿಹಿ ಸುದ್ದಿ. ಪಠ್ಯಕ್ಕೆ ವಿರುದ್ಧವಾದ ತುಣುಕು ನೋಡಿದವರು, ಸರಿಯಾದ ಪಠ್ಯ ಓದಿದ್ದರೂ, ಸಿನಿಮಾದ ಸುಳ್ಳನ್ನೇ ಧೈರ್ಯವಾಗಿ ಬರೆದರು. ‘ಸಿನಿಮಾದಲ್ಲಿ ತಪ್ಪಿರಬಹುದು, ಹುಷಾರು’ ಅಂತ ಮೊದಲೇ ಹೇಳಿದರೂ ಅಷ್ಟೇನೂ ಉಪಯೋಗವಾಗಲಿಲ್ಲ. ‘ಇಂಥ ಮಾತು ಹೀಗೆ ತಪ್ಪು’ ಅಂತ ಬೆರಳಿಟ್ಟು ತೋರಿಸಿದರೆ ಮಾತ್ರ ಉಪಯೋಗವಾಯಿತು.

ಅಂದರೆ ಸಿನಿಮಾ ತೋರಿಸುವ ಮೇಷ್ಟ್ರು ಸಿನಿಮಾಕ್ಕಿಂತ ಹೆಚ್ಚು ವಿಜ್ಞಾನ ತಿಳಿದಿರಬೇಕು. ಪ್ರತಿ ತಪ್ಪಿಗೂ ನಿಲ್ಲಿಸಬೇಕು. ನಮ್ಮಲ್ಲಿ ಸಿನಿಮಾ ಹಾಕುವುದೇ ಮೇಷ್ಟ್ರಿಲ್ಲದ ಪೀರಿಯಡ್ಡಿಗೆ. ಖಾಯಂ ಶಿಕ್ಷಕರು ಗಣತಿಗೆ ಹೋಗಿರುತ್ತಾರೆ. ಅತಿಥಿ ಶಿಕ್ಷಕರಿಗೆ ಸಂಬಳ ಬಂದಿರುವುದಿಲ್ಲ. ಪ್ರೊಜೆಕ್ಟರ್ ಆನ್ ಮಾಡಿ, ಬಾಗಿಲು ಹಾಕಿ, ‘ಗಲಾಟೆ ಮಾಡಬೇಡ್ರೋ’ ಅಂದರೆ ನವೀನ ಬೋಧನಾ ವಿಧಾನ.

ಸಿನಿಮಾದ ಶುರುವಿಗೆ ಯಾವ ಪ್ರಾಣಿಗೂ ಹಿಂಸೆ ಆಗಿಲ್ಲ ಅಂತ ಬರೆಯುತ್ತಾರೆ. ನ್ಯೂಟನ್ನನ ವಿಷಯಕ್ಕೆ ಮೌನ.

ಬಸ್ಸು ಹಾರಿದ್ದನ್ನು ನಂಬಿದರೆ ಯಾರೂ ಸಾಯುವುದಿಲ್ಲ ಬಿಡಿ. ಹಾವಿನ ವಿಷಯ ಹಾಗಲ್ಲ. ನಮ್ಮ ಸಿನಿಮಾಗಳು ದಶಕಗಳಿಂದ ಬಿಡದೆ ಕಲಿಸಿದ ವಿಜ್ಞಾನದ ಪಾಠ ಒಂದಿದ್ದರೆ ಅದು ಹಾವಿನದು. ಹಾವು ಹಾಲು ಕುಡಿಯುತ್ತದೆ. ಪುಂಗಿಗೆ ತಲೆದೂಗುತ್ತದೆ. ಕೊಂದವನ ಚಿತ್ರ ಕಣ್ಣಲ್ಲಿ ಹಿಡಿದಿಟ್ಟುಕೊಂಡು ಸೇಡು ತೀರಿಸುತ್ತದೆ. ನಾಯಕಿಯ ಕಾಲಿಗೆ ಕಚ್ಚಿದರೆ ನಾಯಕ ಬಾಯಿಟ್ಟು ವಿಷ ಹೀರಿ ಉಗುಳುತ್ತಾನೆ. ಅಲ್ಲಿಂದ ಪ್ರೇಮ, ಅಲ್ಲಿಂದ ಹಾಡು.

ಹಾವಿಗೆ ಹೊರಕಿವಿಯೇ ಇಲ್ಲ. ಹೆಡೆ ಆಡುವುದು ಪುಂಗಿಯ ಅಲುಗಾಟ ನೋಡಿ. ವಿಷ ಬಾಯಿಂದ ಹೀರಿದರೆ ಬರುವುದಿಲ್ಲ. ಬಿಗಿಯಾಗಿ ಕಟ್ಟಿದರೆ, ಬ್ಲೇಡಿನಿಂದ ಗೀರಿದರೆ, ಇರುವ ಕಾಲೂ ಹೋಗುತ್ತದೆ. ಕಚ್ಚಿದ ಅಂಗ ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿರುವ ಔಷಧಿ ಕುದುರೆಯ ರಕ್ತದಿಂದ ತಯಾರಾದದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಅದೇ ಮದ್ದು. 2020ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ 58 ಸಾವಿರದ ಹತ್ತಿರ. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಒಳ್ಳೆಯದು. ಆದರೆ ಹೊಲದಲ್ಲಿ ಹಾವು ಕಚ್ಚಿದ ಹುಡುಗನ ಪಕ್ಕ ಆ ಕ್ಷಣಕ್ಕೆ ಇರುವವನು ಆರೋಗ್ಯಾಧಿಕಾರಿ ಅಲ್ಲ. ಸಿನಿಮಾ ನೋಡಿ ಬೆಳೆದ ಚಿಕ್ಕಪ್ಪ.

ಇದನ್ನು ಪಾಠ ಮಾಡಲು ಹಾವಿನ ಸಿನಿಮಾ ತೋರಿಸಿ ನೋಡೋಣ. ಆ ದೃಶ್ಯಕ್ಕೆ ನಿಲ್ಲಿಸಿ, ‘ಇದು ಸುಳ್ಳು, ಹೀಗೆ ಮಾಡಿದರೆ ಸಾಯುತ್ತಾರೆ’ ಅನ್ನಿ. ಹಾಲೆರೆಯುವ ದೃಶ್ಯಕ್ಕೂ ನಿಲ್ಲಿಸಿ, ‘ಹಾವು ಹಾಲು ಕುಡಿಯುವುದಿಲ್ಲ’ ಅನ್ನಿ. ಮಾರನೇ ದಿನ ಎಸ್‌ಡಿಎಂಸಿ ಅಧ್ಯಕ್ಷರು ನಾಲ್ಕು ಜನ ಕಟ್ಟಿಕೊಂಡು ಬರುತ್ತಾರೆ. ‘ಏನ್ ಮೇಷ್ಟ್ರೇ, ನಾಗಪ್ಪನ ಬಗ್ಗೆ ಹಿಂಗೆಲ್ಲಾ ಹೇಳಿದ್ರಂತೆ?’ ಮೇಷ್ಟ್ರಿಗೂ ಹೆಂಡತಿ ಮಕ್ಕಳಿದ್ದಾರೆ. ಅದಕ್ಕೇ ಅವರು ಹಾಲಿವುಡ್ ಡೈನೋಸಾರ್ ತೋರಿಸುತ್ತಾರೆ. ಡೈನೋಸಾರಿಗೆ ನಮ್ಮೂರಲ್ಲಿ ಭಕ್ತರಿಲ್ಲ.

ರಕ್ತದ ಗುಂಪು ಕಲಿಸಲು ‘ಅಮರ್ ಅಕ್ಬರ್ ಆಂಥನಿ’ ಬಳಸಬಹುದು ಅಂದರು ಒಬ್ಬರು. 1977ರ ಚಿತ್ರ. ಮೂವರು ಗಂಡುಮಕ್ಕಳು ಸಾಲಾಗಿ ಮಲಗಿದ್ದಾರೆ. ಮೂವರ ತೋಳಿನಿಂದಲೂ ರಕ್ತ ಕೊಳವೆಯಲ್ಲಿ ಮೇಲಕ್ಕೆ ಹರಿದು, ಒಂದೇ ಬಾಟಲಿಗೆ ಸೇರಿ, ಅಲ್ಲಿಂದ ನೇರ ತಾಯಿಗೆ ಇಳಿಯುತ್ತದೆ. ರಾಷ್ಟ್ರೀಯ ಭಾವೈಕ್ಯಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಇಲ್ಲ. ಗುರುತ್ವಾಕರ್ಷಣೆಗೆ ಇದಕ್ಕಿಂತ ದೊಡ್ಡ ಅವಮಾನವೂ ಇಲ್ಲ.

ನಗು ಬಿಡಿ. ತಪ್ಪು ಹುಡುಕುವ ಮಗು ಬೇಕು ಅಂತ ನಮಗೆ ನಿಜವಾಗಿಯೂ ಇದೆಯೇ? ಸಿನಿಮಾದ ಪಾಠ ನಿಲ್ಲುವುದು ಅದರ ಮೇಲೆ. ಮಗು ಎದ್ದು ‘ಇದು ಹೇಗೆ ಸಾಧ್ಯ’ ಅನ್ನಬೇಕು. ಸಿನಿಮಾಕ್ಕೆ ಹಾಗೆ ಕೇಳಲು ಕಲಿತ ಮಗು ಅಲ್ಲಿಗೇ ನಿಲ್ಲುವುದಿಲ್ಲ. ಮನೆಗೆ ಬಂದು ಕೇಳುತ್ತದೆ. ಜಾತ್ರೆಯಲ್ಲಿ ಕೇಳುತ್ತದೆ. ಟಿವಿಯ ಜ್ಯೋತಿಷಿಯನ್ನು ನೋಡಿ ಕೇಳುತ್ತದೆ. ಆಗ ಅದನ್ನು ತಲೆಹರಟೆ ಅನ್ನುತ್ತೇವೆ.

2019ರ ಡಿಸೆಂಬರ್ 26ರ ಬೆಳಗ್ಗೆ ಆಕಾಶವೇ ಪುಕ್ಕಟೆ ಸಿನಿಮಾ ತೋರಿಸಿತು. ಕಂಕಣ ಸೂರ್ಯಗ್ರಹಣ. ಕೊಡಗಿನ ದಕ್ಷಿಣದ ಅಂಚಿನಂಥ ಕೆಲವು ಕಡೆ ಪೂರ್ತಿ ಬಳೆ ಕಂಡಿತು, ಉಳಿದ ಕಡೆ ಸೂರ್ಯ ಕುಡುಗೋಲಾದ. ಬೇಕಾಗಿದ್ದದ್ದು ಗ್ರಹಣದ ಕನ್ನಡಕವೊಂದೇ. ಎಷ್ಟು ಮನೆಗಳು ಕಿಟಕಿ ಮುಚ್ಚಿ, ಊಟ ಬಿಟ್ಟು, ಮಕ್ಕಳನ್ನು ಒಳಗೆ ಕೂಡಿಹಾಕಿದವು? ಕಲಬುರಗಿಯ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗ್ರಹಣದ ಹೊತ್ತಿನಲ್ಲಿ ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತರು. ವಾಸಿಯಾಗಲಿ ಅಂತ. ಗ್ರಹಣ ಹೇಗಾಗುತ್ತದೆ ಅನ್ನುವುದು ಪ್ರಾಥಮಿಕ ಶಾಲೆಯ ಪಾಠ. ಅಲ್ಲಿ ನೆರೆದಿದ್ದ ದೊಡ್ಡವರಲ್ಲಿ ಎಷ್ಟೋ ಜನ ಅದನ್ನು ಬರೆದು ಅಂಕ ತೆಗೆದುಕೊಂಡವರೇ ಇರಬೇಕು.

ಆ ಕಡೆ ಮಕ್ಕಳಿಗೆ ವಿಜ್ಞಾನ ಕಷ್ಟ ಅಂತ ಸಿನಿಮಾ. ಈ ಕಡೆ ಹೊರೆ ಜಾಸ್ತಿ ಅಂತ ಕತ್ತರಿ. 2022ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸವಾದವನ್ನು ತೆಗೆಯಿತು. ‘ಅನುವಂಶೀಯತೆ ಮತ್ತು ವಿಕಾಸ’ ಅಂತಿದ್ದ ಅಧ್ಯಾಯದಲ್ಲಿ ಅನುವಂಶೀಯತೆ ಮಾತ್ರ ಉಳಿಯಿತು. ಆವರ್ತ ಕೋಷ್ಟಕದ ಅಧ್ಯಾಯವೂ ಹೋಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. ಹನ್ನೆರಡರಲ್ಲಿ ಇದೆಯಲ್ಲ ಅಂದರು ತೆಗೆದವರು. ಹನ್ನೆರಡರಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳದವರು? ಅವರು ‘ಜುರಾಸಿಕ್ ಪಾರ್ಕ್’ ನೋಡಿಕೊಳ್ಳಲಿ. ಡಾರ್ವಿನ್ ಹೊರೆ, ಡೈನೋಸಾರ್ ಹಗುರ.

ವಿಮಾನದ ಕಥೆ ಗೊತ್ತೇ ಇದೆ. 2015ರಲ್ಲಿ ‘ಹವಾಯಿಜಾದಾ’ ಅಂತ ಹಿಂದಿ ಚಿತ್ರ ಬಂತು. ರೈಟ್ ಸಹೋದರರಿಗಿಂತ ಮೊದಲೇ ಮುಂಬೈನ ತಲ್ಪಡೆ ವಿಮಾನ ಹಾರಿಸಿದರು ಅನ್ನುವ ಕಥೆ. ಅದೇ ತಿಂಗಳು ಮುಂಬೈನಲ್ಲೇ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳ ಮೇಲೆ ಪ್ರಬಂಧ ಮಂಡನೆ. ಯಾವುದು ಸಿನಿಮಾ, ಯಾವುದು ವಿಜ್ಞಾನ ಸಮ್ಮೇಳನ ಅಂತ ಹೇಳುವುದು ಕಷ್ಟವಾಗಿತ್ತು. ಆ ವಿಮಾನಗಳ ವಿವರವಿರುವ ‘ವೈಮಾನಿಕ ಶಾಸ್ತ್ರ’ ಹೊರಟದ್ದು ನಮ್ಮ ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ, ಇಪ್ಪತ್ತನೇ ಶತಮಾನದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು 1974ರಲ್ಲೇ ಅದನ್ನು ಸಾಲುಸಾಲಾಗಿ ಪರಿಶೀಲಿಸಿ, ಈ ಯಂತ್ರಗಳು ಹಾರುವುದಿಲ್ಲ ಅಂತ ಬರೆದಿಟ್ಟರು. ಗಾಳಿಪಟ ಹಾರಿಸಿದ ಮಗುವಿಗೂ ಅರ್ಥವಾಗುವಂಥ ವಾದ. ಅದನ್ನು ಯಾವ ಶಾಲೆ ಪಾಠ ಮಾಡಿದೆ? ಸಿನಿಮಾ ಸಿಗುತ್ತದೆ. ಪ್ರಬಂಧ ಹುಡುಕಬೇಕು.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕನ ಕರ್ತವ್ಯ ಅಂತ ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪವಾಡ ಪುರುಷರಿಗೆ ಕಾಗದ ಬರೆದರು. ಉತ್ತರ ಬರಲಿಲ್ಲ. ಬೈಗುಳ ಬಂತು. ಅವರು ಭೌತಶಾಸ್ತ್ರದ ಮೇಷ್ಟ್ರು. ಪ್ರೊಜೆಕ್ಟರ್ ಇಲ್ಲದೆಯೇ ಪಾಠ ಮಾಡುತ್ತಿದ್ದರು.

ಅತಿಥಿಯಾಗಿ ಹೋದ ಶಾಲೆಯ ಪ್ರಯೋಗಾಲಯ ನೋಡಬೇಕು ಅಂದೆ. ಬೀಗದ ಕೈ ಹುಡುಕಲು ಕಾಲು ಗಂಟೆ ಹಿಡಿಯಿತು. ಒಳಗೆ ಹಳೆಯ ಡೆಸ್ಕುಗಳು, ಚುನಾವಣೆಯಿಂದ ಉಳಿದ ರಟ್ಟಿನ ಪೆಟ್ಟಿಗೆಗಳು. ಮೂಲೆಯಲ್ಲಿ ವಿಜ್ಞಾನದ ಕಿಟ್. ಸೀಲ್ ಒಡೆದಿಲ್ಲ. ಯಾಕೆ ಅಂದೆ. ‘ಸಾರ್, ಪ್ರನಾಳ ಒಡೆದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡಬೇಕು. ಆಡಿಟ್‌ನವರು ರಿಕವರಿ ಹಾಕ್ತಾರೆ’ ಅಂದರು ಮುಖ್ಯೋಪಾಧ್ಯಾಯರು. ಒಡೆಯದೆ ಉಳಿದ ಕಿಟ್ಟಿಗೆ ಯಾವ ಆಡಿಟ್ಟೂ ಇಲ್ಲ. ಸಿನಿಮಾದಲ್ಲಿ ಪ್ರನಾಳ ಎಷ್ಟು ಸಲ ಸಿಡಿದರೂ ರಿಜಿಸ್ಟರ್ ಬೇಡ. ಈ ಹುರುಪಿನ ಗುಟ್ಟು ನನಗೆ ಅಲ್ಲಿ ತಿಳಿಯಿತು.

ಹೊರಡುವಾಗ ಒಂದು ಸಲಹೆ ಕೊಟ್ಟೆ. ಸಿನಿಮಾ ತೋರಿಸಿ, ಪರವಾಗಿಲ್ಲ. ಆದರೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಹಾಕಿ. ‘ಈ ದೃಶ್ಯದಲ್ಲಿ ಏನು ತಪ್ಪಿದೆ? ಹೇಗೆ ಗೊತ್ತಾಯಿತು?’ ಆ ಪೂರಿಯ ಹುಡುಗಿಗೆ ಪೂರ್ತಿ ಅಂಕ ಸಿಗುವಂಥ ಪ್ರಶ್ನೆ.

ಮುಖ್ಯೋಪಾಧ್ಯಾಯರ ಮುಖ ಅರಳಿತು.

‘ಬಹಳ ಚೆನ್ನಾಗಿದೆ ಸಾರ್. ಎಷ್ಟು ಮಾರ್ಕ್ಸ್ ಪ್ರಶ್ನೆ?’

‘ನಾಲ್ಕು ಇಡಿ.’

‘ಹಂಗಾದ್ರೆ ನೀವೇ ಕೀ ಆನ್ಸರ್ ಬರೆದು ಕೊಟ್ಬಿಡಿ ಸಾರ್. ಎಂಟು ತಪ್ಪು ಸಾಕು. ಪಾಸಿಂಗ್ ಪ್ಯಾಕೇಜಿಗೆ ಸೇರಿಸಿ, ನಾಳೆಯಿಂದಲೇ ಬಾಯಿಪಾಠ ಮಾಡಿಸ್ತೀವಿ.’